ಎಷ್ಟಕ್ಕೆ ತಂದ್ಯಕ್ಕಾ?

ಸಂತೆ ಮುಗಿಸಿಕೊಂಡು ಬರುವ ಹೆಂಗಸಿನ ಕೈಚೀಲ ಕಂಡ ಕೂಡಲೇ ನಮ್ಮ ಹಳ್ಳಿಗಳಲ್ಲಿ ಬರುವ ಮೊದಲ ಪ್ರಶ್ನೆ 'ಏನು ತಂದೆ' ಎಂಬುದಲ್ಲ, 'ಎಷ್ಟಕ್ಕೆ ತಂದೆ' ಎಂಬುದು. ಪಟ್ಟಣದ ಶಿಷ್ಟಾಚಾರದಲ್ಲಿ ಇನ್ನೊಬ್ಬರ ಸೀರೆಯ ಬೆಲೆ ಕೇಳುವುದು ಸಭ್ಯತೆಯಲ್ಲ. ಹಳ್ಳಿಯಲ್ಲಿ ಕೇಳದೇ ಇದ್ದರೆ ಬೇಸರ. ಹೊಸ ಬಕೆಟ್ ತಂದವಳನ್ನು ಯಾರೂ ಬೆಲೆ ಕೇಳಲಿಲ್ಲವೆಂದರೆ, ಅವಳ ಮೇಲೆ ಬೀದಿಗೆ ಏನೋ ಮುನಿಸಿದೆ ಎಂದೇ ಅರ್ಥ.

ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಮತ್ತು ಅದರ ಸುತ್ತಲಿನ ರೇಷ್ಮೆ ಊರುಗಳಲ್ಲಿ ಇಂತಹ ಮಾತು ದಿನವಿಡೀ ನಡೆಯುತ್ತದೆ. ಬೆಳಿಗ್ಗೆ ಹಾಲಿನ ಡೈರಿಯ ಮುಂದಿನ ಸಾಲಿನಲ್ಲಿ, ನಲ್ಲಿಯ ಬಳಿ, ಬಸ್ಸು ಕಾಯುವಲ್ಲಿ, ಸಂಜೆ ಜಗಲಿಯ ಮೇಲೆ. ಕೇಳಿದವರಿಗೆ ಇದು ಕಾಡುಹರಟೆಯಂತೆ ಕಾಣಬಹುದು. ಕಿವಿಗೊಟ್ಟು ಕೇಳಿದರೆ ಇದರೊಳಗೆ ಒಂದು ವ್ಯವಸ್ಥೆಯೇ ಇರುವುದು ತಿಳಿಯುತ್ತದೆ. ಉದಾಹರಣೆಗೆ ಈ ನಾಲ್ಕು ಮಾತುಗಳನ್ನು ನೋಡಿ:

'ಟೊಮ್ಯಾಟೊ ಎಷ್ಟಕ್ಕೆ ತಂದ್ಯಕ್ಕಾ?'

'ಇಪ್ಪತ್ತಕ್ಕೆ ಕಣಮ್ಮ. ಹೊತ್ತು ಮುಳುಗೋ ಹೊತ್ತಿಗೆ ಹೋಗಿದ್ರೆ ಹದಿನೈದಕ್ಕೇ ಕೊಡ್ತಿದ್ದ.'

'ಬೇಳೆ?'

'ಬೇಳೆ ತರ್ಲಿಲ್ಲ. ಇನ್ನೆರಡು ವಾರಕ್ಕೆ ಅವರೆಕಾಯಿ ಬಂದ್ಬಿಡುತ್ತೆ. ಅಲ್ಲೀವರೆಗೂ ಸೊಪ್ಪಲ್ಲೇ ದೂಡ್ತೀನಿ.'

ಇಷ್ಟರಲ್ಲಿ ಕೇಳಿದವಳಿಗೆ ಇಂದಿನ ಧಾರಣೆ ಸಿಕ್ಕಿತು. ಯಾವ ಹೊತ್ತಿಗೆ ಹೋದರೆ ಅಗ್ಗ ಎಂಬುದು ಗೊತ್ತಾಯಿತು. ಬೇಳೆಗೆ ಬದಲಿ ಯಾವುದು, ಆ ಬದಲಿ ಎಂದಿನಿಂದ ಸಿಗುತ್ತದೆ ಎಂಬುದೂ ಗೊತ್ತಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ತಿಂಗಳು ಕೈ ಬಿಗಿಯಾಗಿರುವುದು ತನಗೊಬ್ಬಳಿಗೇ ಅಲ್ಲ ಎಂಬ ಸಮಾಧಾನ ಸಿಕ್ಕಿತು. ಈ ಕಡೆಯ ಲಾಭವನ್ನು ಯಾವ ಪೇಟೆ ಧಾರಣೆಯ ಪಟ್ಟಿಯೂ ಕೊಡಲಾರದು.

ಟವೆಲಿನ ಕೆಳಗಿನ ಬೆಲೆ

ಬೆಲೆಯನ್ನು ಬಹಿರಂಗವಾಗಿ ಕೇಳುವ ಈ ರೂಢಿಯ ಮಹತ್ವ ತಿಳಿಯಲು ಅದರ ವಿರುದ್ಧದ ರೂಢಿಯೊಂದನ್ನು ನೋಡಬೇಕು. ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಪಕ್ಕದಲ್ಲೇ ನಿಂತವನಿಗೂ ದರ ತಿಳಿಯದು. ಬೆಲೆ ಗುಟ್ಟಾಗಿದ್ದಷ್ಟೂ ಮಧ್ಯವರ್ತಿಗೆ ಲಾಭ. ಬೆಲೆ ಬಯಲಾದಷ್ಟೂ ಕೊಳ್ಳುವವರಿಗೂ ಮಾರುವವರಿಗೂ ಲಾಭ.

ರೇಷ್ಮೆಗೂಡಿನ ವಿಷಯದಲ್ಲಿ ಸರ್ಕಾರ ಮಾಡಿದ್ದು ಇದನ್ನೇ. ಬಿತ್ತನೆ, ಗೂಡು ಮತ್ತು ನೂಲಿನ ವಹಿವಾಟನ್ನು ನಿಯಂತ್ರಿಸಲು ರಾಜ್ಯದಲ್ಲಿ 1959ರಲ್ಲಿ ಕಾಯ್ದೆ ಬಂತು. ರೈತ ತನ್ನ ಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತಂದು ಎಲ್ಲರೆದುರು ಹರಾಜಿಗಿಡುವ ಪದ್ಧತಿ ಕ್ರಮೇಣ ಬೇರೂರಿತು. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದಾದ ಶಿಡ್ಲಘಟ್ಟದಲ್ಲಿ ಈಗ ಹರಾಜು ಕಂಪ್ಯೂಟರಿನ ಮೂಲಕ ನಡೆಯುತ್ತದೆ. ಆದರೆ ಮನೆಗೆ ಬೇಕಾದ ಉಪ್ಪು, ಮೆಣಸಿನಕಾಯಿ, ಬಟ್ಟೆ, ಔಷಧಿಗಳಿಗೆ ಇಂತಹ ಹರಾಜುಕಟ್ಟೆ ಇಲ್ಲ. ಅಲ್ಲಿ ಆ ಕೆಲಸವನ್ನು 'ಎಷ್ಟಕ್ಕೆ ತಂದ್ಯಕ್ಕಾ' ಮಾಡುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಬರೆದ ಲೇಖನವೊಂದರಲ್ಲಿ, ಒಂದೇ ವಸ್ತುವಿಗೆ ಒಂದೇ ಊರಿನಲ್ಲಿ ಬೇರೆ ಬೇರೆ ಬೆಲೆ ಏಕಿರುತ್ತದೆ ಎಂಬ ಪ್ರಶ್ನೆಯನ್ನೆತ್ತಿಕೊಂಡರು. ಕಡಿಮೆ ಬೆಲೆಯನ್ನು ಹುಡುಕುವುದಕ್ಕೂ ಖರ್ಚಿದೆ, ಹುಡುಕಾಟದ ಖರ್ಚು ಉಳಿತಾಯಕ್ಕಿಂತ ಹೆಚ್ಚಾದಲ್ಲಿ ಜನ ಹುಡುಕುವುದನ್ನು ನಿಲ್ಲಿಸುತ್ತಾರೆ ಎಂಬುದು ಅವರು ಕೊಟ್ಟ ಉತ್ತರದ ತಿರುಳು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೇಲೂರಿನ ಗೃಹಿಣಿ ಈ ಸಿದ್ಧಾಂತವನ್ನು ಓದಿರಲಿಕ್ಕಿಲ್ಲ. ಆದರೆ ಹತ್ತು ರೂಪಾಯಿ ಉಳಿಸಲು ಹತ್ತು ಅಂಗಡಿ ಸುತ್ತುವ ಬದಲು ಸುತ್ತಿ ಬಂದವರನ್ನು ಕೇಳಿದರೆ ಸಾಕು ಎಂಬುದು ಆಕೆಗೆ ಗೊತ್ತು. ಬೀದಿಯ ಹತ್ತು ಮನೆಯವರು ಹತ್ತು ಕಡೆ ಹೋಗಿ ಬಂದು ಮಾತಾಡಿಕೊಂಡರೆ ಪ್ರತಿಯೊಬ್ಬರೂ ಹತ್ತು ಕಡೆ ಹೋಗಿ ಬಂದಂತೆಯೇ.

ದುಡ್ಡು ಬರುವ ಬಗೆ

ಈ ಸೀಮೆಯಲ್ಲಿ ಇಂತಹ ಮಾತು ಹೆಚ್ಚಾಗಿ ನಡೆಯುವುದಕ್ಕೆ ಇಲ್ಲಿನ ಬದುಕಿನಲ್ಲೇ ಕಾರಣವಿದೆ. ಸಂಬಳದಾರನಿಗೆ ತಿಂಗಳಿಗೊಮ್ಮೆ ಗೊತ್ತಾದ ಹಣ ಬರುತ್ತದೆ. ರೇಷ್ಮೆ ಬೆಳೆಗಾರನಿಗೆ ಹಾಗಲ್ಲ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ದಾಟಿ ಹಣ್ಣಾಗಲು ಇಪ್ಪತ್ತೈದು ದಿನಗಳಷ್ಟು ಬೇಕು. ತಿಂದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಅದು ಕಡೆಯ ಒಂದು ವಾರದಲ್ಲೇ ತಿನ್ನುತ್ತದೆ. ಹಾಗಾಗಿ ಸೊಪ್ಪು ಕೊಯ್ಯುವ ಕೂಲಿಯೂ ಆಗಲೇ ಏರುತ್ತದೆ. ಖರ್ಚೆಲ್ಲ ಮುಗಿದ ಮೇಲೆ ಗೂಡು ಮಾರುಕಟ್ಟೆಗೆ ಹೋಗಬೇಕು. ಅಂದಿನ ದರ ಎಷ್ಟೋ ಅಷ್ಟೇ. ಸುಣ್ಣಕಟ್ಟು ರೋಗ ಬಂದರೆ ಅದೂ ಇಲ್ಲ.

ಹೀಗೆ ಹಣ ಗಂಟಾಗಿ ಬರುತ್ತದೆ, ಖರ್ಚು ಚಿಲ್ಲರೆಯಾಗಿ ಹೋಗುತ್ತದೆ. ನಡುವಿನ ಕಂದಕವನ್ನು ಡೈರಿಯ ಹಾಲಿನ ಬಟವಾಡೆ ಸ್ವಲ್ಪ ತುಂಬುತ್ತದೆ. ಉಳಿದದ್ದಕ್ಕೆ ಕೈಬದಲೇ ಗತಿ. ಬಯಲುಸೀಮೆಯ ಈ ಭಾಗದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. 'ಬದಲು' ಎಂದರೆ ಇಲ್ಲಿ ಪಡೆದು ಹಿಂದಿರುಗಿಸುವ ಸಾಲ. ಒಂದು ಪಾವು ಸಕ್ಕರೆಯೂ ಬದಲೇ, ಐನೂರು ರೂಪಾಯಿಯೂ ಬದಲೇ. 'ಗೂಡು ಹಾಕಿದ ಮೇಲೆ ಕೊಡ್ತೀನಿ' ಎಂಬುದು ಇಲ್ಲಿ ವಾಯಿದೆಯ ಭಾಷೆ. ಯಾರ ಮನೆಯಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ ಎಂಬುದು ಬೀದಿಗೆಲ್ಲ ಗೊತ್ತಿರುವುದರಿಂದ ವಾಯಿದೆಯ ದಿನವೂ ಎಲ್ಲರಿಗೂ ಗೊತ್ತು.

ಈ ಬದಲಿಗೂ ಶಿಸ್ತುಗಳಿವೆ. ಪಾವನ್ನು ಅಂಚಿಗೆ ಸವರಿ ತಂದಿದ್ದರೆ ಹಿಂದಿರುಗಿಸುವಾಗ ತುಸು ಉಬ್ಬಿಸಿ ಕೊಡಬೇಕು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಒಂದು ಹಿಡಿ ಸೊಪ್ಪಾದರೂ ಅದರಲ್ಲಿರಬೇಕು. ಸಂತೆಯಲ್ಲಿ ತೂಕದ ಮೇಲೆ ಕೊಸರು ಕೇಳುವುದು ಹಕ್ಕು, ನೆರೆಮನೆಗೆ ಕೊಸರು ಕೊಡುವುದು ಮರ್ಯಾದೆ.

ವಸ್ತು ಮತ್ತು ದುಡಿಮೆಯಲ್ಲೂ ಇದೇ ಲೆಕ್ಕ. ಹಣ್ಣಾದ ಹುಳುವನ್ನು ಹೊತ್ತು ಮೀರದಂತೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಪೋಲಾಗುತ್ತದೆ. ಆ ಒಂದು ದಿನಕ್ಕೆ ಹತ್ತು ಕೈ ಬೇಕು, ವರ್ಷವೆಲ್ಲ ಬೇಡ. ಆದ್ದರಿಂದ ಮುಯ್ಯಾಳು. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಬಿದಿರಿನ ಚಂದ್ರಿಕೆಗಳೂ ಹೀಗೆಯೇ ಮನೆಯಿಂದ ಮನೆಗೆ ಓಡಾಡಿದವು. ಈಚೆಗೆ ಪ್ಲಾಸ್ಟಿಕ್ಕಿನವು ಬಂದಿವೆ. ಯಾರ ಹುಳು ಯಾವಾಗ ಹಣ್ಣಾಗುತ್ತದೆ ಎಂಬ ಮಾತುಕತೆ ಮೊದಲೇ ನಡೆದಿರದಿದ್ದರೆ ಈ ಹಂಚಿಕೆ ಸಾಧ್ಯವೇ ಇಲ್ಲ.

ಒಂದು ಒಲೆ, ಎರಡು ಅಡುಗೆ

ಉಳಿತಾಯದ ಮಾತಿನಲ್ಲಿ ಅಡುಗೆಮನೆಯದೇ ದೊಡ್ಡ ಪಾಲು. ರಾಗಿಮುದ್ದೆಯ ಜೊತೆಗಾರನಾದ ಬಸ್ಸಾರನ್ನೇ ನೋಡಿ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ, ಕಟ್ಟನ್ನು ಬಸಿದು, ಆ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆ, ಒಂದೇ ಸೌದೆ, ಎರಡು ಪದಾರ್ಥ. ಬೆಂದ ನೀರಿನ ಸಾರವೂ ಚೆಲ್ಲಿಹೋಗದು. ಹೊಲದ ಬದುವಿನಲ್ಲಿ ಸಿಗುವ ಅಣ್ಣೆ, ಗಣಿಕೆ, ಹೊನಗೊನ್ನೆಗಳನ್ನು ಕೂಡಿಸಿದ ಬೆರಕೆಸೊಪ್ಪಾದರೆ ತರಕಾರಿಯ ದುಡ್ಡೂ ಉಳಿಯಿತು. ಬಡತನದ ಅಡುಗೆ ಎಂದು ಇದನ್ನು ಯಾರೂ ಕೀಳುಗಾಣುವುದಿಲ್ಲ. ನೆಂಟರು ಬಂದಾಗಲೂ ಬಸ್ಸಾರು ಬಡಿಸಬಹುದು.

ಚಳಿಗಾಲದಲ್ಲಿ ಅವರೆಕಾಯಿ ಬಂತೆಂದರೆ ನಾಲ್ಕಾರು ಮನೆಯವರು ಜಗಲಿಯಲ್ಲಿ ಕೂತು ಕಾಳು ಬಿಡಿಸುತ್ತಾರೆ, ನೆನೆಸಿದ ಕಾಳನ್ನು ಹಿಚುಕುತ್ತಾರೆ. ಸಿಪ್ಪೆ ಹಸುವಿಗೆ. ಬೇಸಿಗೆಯ ಹೊತ್ತಿಗೆ ಹುಣಸೆಹಣ್ಣು. ಚಿಂತಾಮಣಿಯ ಮಾರುಕಟ್ಟೆಯಿಂದ ವರ್ಷಕ್ಕಾಗುವಷ್ಟು ತಂದು, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬುತ್ತಾರೆ. ಕೈಗೆ ಬೇಸರದ ಕೆಲಸ, ಬಾಯಿಗೆ ಬಿಡುವು. ಯಾವ ಸೊಸೈಟಿಯಲ್ಲಿ ಎಣ್ಣೆ ಬಂದಿದೆ, ಯಾವ ಡಾಕ್ಟರು ಬರೀ ಮಾತ್ರೆ ಬರೆದು ಕಳಿಸುತ್ತಾರೆ, ಯಾರ ಮಗಳ ಹಳೆಯ ಪಠ್ಯಪುಸ್ತಕ ಯಾರ ಮಗನಿಗೆ ಆಗುತ್ತದೆ ಎಂಬುದೆಲ್ಲ ಇತ್ಯರ್ಥವಾಗುವುದು ಇಲ್ಲೇ.

ಹುಳು ತಿಂದು ಬಿಟ್ಟ ಸೊಪ್ಪು ಹಸುವಿಗೆ, ಕಡ್ಡಿ ಒಲೆಗೆ, ಹಿಕ್ಕೆ ಗೊಬ್ಬರಕ್ಕೆ. ರೇಷ್ಮೆ ಮನೆಯಲ್ಲಿ ಏನೂ ಬೀದಿಗೆ ಬೀಳುವುದಿಲ್ಲ. ಈ ಶಿಸ್ತು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕೆಲಸದ ಜೊತೆಜೊತೆಗೇ ಮಾತಿನಲ್ಲಿ ಕಲಿತದ್ದು.

ಆದರೆ ಉಳಿಸುವವರಿಗೂ ಜಿಪುಣರಿಗೂ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಊರಿನ ಮಾತು ಬಹಳ ಕಟ್ಟುನಿಟ್ಟಾಗಿ ಕಾಯುತ್ತದೆ. ತನ್ನ ಸೀರೆಗೆ ಕತ್ತರಿ ಹಾಕಿದವಳು 'ಹಿಡಿತದ ಹೆಂಗಸು'. ಕೂಲಿಯವರ ಊಟಕ್ಕೆ ಕತ್ತರಿ ಹಾಕಿದವಳು 'ಜಿಪುಣಿ'. ಮೊದಲಿನವಳ ಬುದ್ಧಿಮಾತನ್ನು ಜನ ಕೇಳುತ್ತಾರೆ. ಎರಡನೆಯವಳ ಮಾತಿಗೆ ಬೆನ್ನ ಹಿಂದೆ ನಗುತ್ತಾರೆ.

ಚೀಟಿಯ ಲೆಕ್ಕ

ಮಾತು ಒಂದು ಹೆಜ್ಜೆ ಮುಂದೆ ಹೋದರೆ ಚೀಟಿಯಾಗುತ್ತದೆ. ಇಪ್ಪತ್ತು ಜನ ತಿಂಗಳಿಗೆ ಸಾವಿರದಂತೆ ಇಪ್ಪತ್ತು ತಿಂಗಳು ಹಾಕುತ್ತಾರೆ ಎನ್ನೋಣ. ಪ್ರತಿ ತಿಂಗಳೂ 20,000 ರೂಪಾಯಿ ಸೇರುತ್ತದೆ. ತುರ್ತಾಗಿ ಹಣ ಬೇಕಾದವರು ಚೀಟಿ ಕೂಗುತ್ತಾರೆ. 4,000 ಬಿಟ್ಟು 16,000ಕ್ಕೆ ಒಬ್ಬರು ಎತ್ತಿದರೆ, ಬಿಟ್ಟ 4,000 ಇಪ್ಪತ್ತು ಜನರಿಗೂ ಹಂಚಿಹೋಗುತ್ತದೆ. ತಲೆಗೆ 200. ಆ ತಿಂಗಳು ಎಲ್ಲರೂ ಕಟ್ಟುವುದು 800 ಮಾತ್ರ. ಅವಸರವಿದ್ದವರಿಗೆ ಸಾಲ, ಅವಸರವಿಲ್ಲದವರಿಗೆ ಉಳಿತಾಯ, ಎರಡೂ ಒಂದೇ ಚೀಲದಿಂದ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಇಂಡೋನೇಷ್ಯಾದಲ್ಲಿ ಇಂತಹ ಚೀಟಿಗೆ 'ಅರಿಸಾನ್' ಎನ್ನುತ್ತಾರೆ. ಅಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1962ರಲ್ಲಿ ಬರೆದ ಪ್ರಬಂಧದಲ್ಲಿ, ಜಾವಾದ ಜನರಿಗೆ ಹಣಕ್ಕಿಂತ ಕೂಡಿ ಕೂರುವುದೇ ಹೆಚ್ಚಿನ ಆಕರ್ಷಣೆ ಎಂದು ಗುರುತಿಸಿದ್ದರು.

ಚೀಟಿಯ ಅಪಾಯವನ್ನೂ ಮರೆಯುವಂತಿಲ್ಲ. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ, ಸಣ್ಣ ಮೊತ್ತಕ್ಕಿರುವ ವಿನಾಯಿತಿ ಬಿಟ್ಟರೆ, ಪೂರ್ವಾನುಮತಿ ಮತ್ತು ನೋಂದಣಿ ಇಲ್ಲದೆ ಚೀಟಿ ನಡೆಸುವಂತಿಲ್ಲ. ಬರೀ ನಂಬಿಕೆಯ ಮೇಲೆ ನಡೆದ ಚೀಟಿ ಮುರಿದುಬಿದ್ದರೆ ನ್ಯಾಯಾಲಯದಲ್ಲಿ ತೋರಿಸಲು ಕೈಯಲ್ಲಿ ಕಾಗದವಿರುವುದಿಲ್ಲ. ಬೀದಿಯ ಚೀಟಿಗೆ ಬೀದಿಯ ತಿಳಿವಳಿಕೆಯೇ ಜಾಮೀನು. ಬೀದಿ ದಾಟಿ ಅಪರಿಚಿತರು ಸೇರಿದೊಡನೆ ಆ ಜಾಮೀನು ಸಡಿಲವಾಗುತ್ತದೆ.

ಸಂಘ ಹುಟ್ಟಿದ ಕಥೆ

ಈ ಮಾತಿನ ಬಲವನ್ನು ಬ್ಯಾಂಕುಗಳು ಗುರುತಿಸಿದ್ದು ತಡವಾಗಿ. ಎಂಬತ್ತರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದವು. ಹೊರಬಂದ ಸದಸ್ಯರು ತಮ್ಮಷ್ಟಕ್ಕೆ ತಾವೇ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿಕೊಂಡರು. ಜಾತಿ, ಪಕ್ಷಗಳಿಗಿಂತ 'ಇವರ ಜೊತೆ ಮಾತಾಡಬಹುದು, ಇವರನ್ನು ನಂಬಬಹುದು' ಎಂಬುದೇ ಆ ಕೂಟಗಳ ಆಧಾರ. ವಾರಕ್ಕೊಮ್ಮೆ ಕೂತು ಐದು ಹತ್ತು ರೂಪಾಯಿ ಉಳಿಸಿ, ಅದನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಂಡರು. ಇಪ್ಪತ್ತಕ್ಕಿಂತ ಹೆಚ್ಚು ಜನರ ಕೂಟಕ್ಕೆ ಆಗಿನ ಕಂಪನಿ ಕಾಯ್ದೆಯಡಿ ನೋಂದಣಿ ಬೇಕಾಗುತ್ತಿದ್ದುದರಿಂದ ಸದಸ್ಯರ ಸಂಖ್ಯೆ ಇಪ್ಪತ್ತರೊಳಗೇ ಉಳಿಯಿತು. ಎಲ್ಲರೂ ಎಲ್ಲರ ಮುಖ ನೋಡಿ ಮಾತಾಡಲು ಅದೇ ಸರಿಯಾದ ಅಳತೆಯೂ ಆಯಿತು.

1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹಣಕಾಸಿನ ನೆರವು ನೀಡಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ಆಗಿನ ಕೋಲಾರ ಜಿಲ್ಲೆಯ ಬಂಗಾರಪೇಟೆ ಭಾಗದ ಮಹಿಳಾ ಸಂಘಗಳು ಹೀಗೆ ಬ್ಯಾಂಕ್ ಸಾಲ ಪಡೆದ ಮೊದಮೊದಲಿನವುಗಳಲ್ಲಿ ಸೇರಿವೆ. ಶಿಡ್ಲಘಟ್ಟವೂ ಆಗ ಅದೇ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದು ಸಂಘಗಳನ್ನು ಊರೂರಿಗೆ ಮುಟ್ಟಿಸಿತು.

ಸಂಘದ ಸಭೆಯಲ್ಲಿ ಸಾಲ ಕೇಳಿದವಳಿಗೆ ಎದುರಾಗುವ ಪ್ರಶ್ನೆಗಳು ಜಗಲಿಯ ಪ್ರಶ್ನೆಗಳೇ. 'ಹೋದ ಸಲದ್ದು ತೀರಿತೇನಮ್ಮ?' 'ಹಸು ಎಷ್ಟಕ್ಕೆ ಹೇಳ್ತಾವ್ರೆ? ಅಷ್ಟು ಬಾಳುತ್ತಾ?' 'ಮದುವೆಗೆ ಅಷ್ಟು ಯಾಕೆ, ಸರಳವಾಗಿ ದೇವಸ್ಥಾನದಲ್ಲಿ ಮಾಡು.' ಕೇಳುವವರಿಗೆ ಅವಳ ಮನೆಯ ಒಳಹೊರಗು ಗೊತ್ತು. ಅಗತ್ಯಕ್ಕಿಂತ ಹೆಚ್ಚಿನ ಸಾಲ ಅವಳ ಕೈಗೆ ಹೋಗದಂತೆ ಈ ಪ್ರಶ್ನೆಗಳೇ ತಡೆಯುತ್ತವೆ.

ಮಾತು ನಿಂತಾಗ

ಈ ತಡೆ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಇದೇ ಸೀಮೆ ಕಂಡಿದೆ. 2000ದ ದಶಕದಲ್ಲಿ ಕಿರುಸಾಲದ ಕಂಪನಿಗಳು ರೇಷ್ಮೆ ಪಟ್ಟಣಗಳಿಗೆ ಬಂದವು. ಅವರೂ ಹೆಂಗಸರ ಗುಂಪುಗಳನ್ನೇ ಕಟ್ಟಿದರು, ಅವರೂ ವಾರದ ಸಭೆಯನ್ನೇ ನಡೆಸಿದರು. ಆದರೆ ಹಣ ಹೊರಗಿನದು. ಸಭೆಯಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ವಸೂಲಿ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯಿಂದ ಸಾಲ ತಂದವರು ಅನೇಕರು. ಇಂತಹ ಸಾಲವನ್ನು ಯಾರೂ ಜಗಲಿಯ ಮೇಲೆ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಗುಂಪಿನಿಂದ ಹೊರಗಾಗುವ ಭಯ.

ರೇಷ್ಮೆಯ ವಹಿವಾಟು ಕುಗ್ಗಿದಾಗ ನೂಲು ತೆಗೆಯುವ ಮನೆಗಳಲ್ಲಿ ಕೂಲಿ ಕಡಿಮೆಯಾಯಿತು, ಕಂತು ಕಡಿಮೆಯಾಗಲಿಲ್ಲ. 2009ರ ಆರಂಭದಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಮರುಪಾವತಿ ಒಮ್ಮೆಲೇ ನಿಂತಿತು. ಕೆಲವೆಡೆ ಸ್ಥಳೀಯ ಸಮಿತಿಗಳೇ ಕಂತು ಕಟ್ಟಬೇಡಿ ಎಂದು ಸಾರಿದವು. ಸಾಲ ನಿಂತಿತು, ಅದರೊಂದಿಗೆ ಪ್ರಾಮಾಣಿಕವಾಗಿ ಕಟ್ಟುತ್ತಿದ್ದವರಿಗೆ ಹೊಸ ಸಾಲದ ಬಾಗಿಲೂ ಮುಚ್ಚಿತು. ಒಬ್ಬರಿಗೊಬ್ಬರು ಜಾಮೀನಾಗಿದ್ದ ನೆರೆಹೊರೆಯವರ ನಡುವೆ ಮನಸ್ತಾಪ ಉಳಿಯಿತು.

ಆ ಬಳಿಕ ನಿಯಮಗಳು ಬಂದವು. ಒಬ್ಬ ಸಾಲಗಾರರಿಗೆ ಎರಡಕ್ಕಿಂತ ಹೆಚ್ಚು ಕಿರುಸಾಲ ಕಂಪನಿಗಳು ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2011ರಲ್ಲಿ ಹೇಳಿತು. 2022ರಲ್ಲಿ ಆ ನಿಯಮ ಬದಲಾಗಿ, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ಮಿತಿ ಬಂತು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಗಮನಿಸಿ ನೋಡಿದರೆ, 'ಮನೆಗೆ ಎಷ್ಟು ಬರುತ್ತೆ, ಬೇರೆ ಕಡೆ ಎಷ್ಟು ಕಟ್ಟಬೇಕು' ಎಂದು ರಿಸರ್ವ್ ಬ್ಯಾಂಕ್ ಈಗ ಕೇಳಿಸುತ್ತಿರುವ ಪ್ರಶ್ನೆ ನೆರೆಮನೆಯ ಅಕ್ಕ ಮೊದಲಿನಿಂದ ಕೇಳುತ್ತಿದ್ದ ಪ್ರಶ್ನೆಯೇ.

ಈಗಿನ ಮಾತು

ಇಂದು ಮಾತಿನ ವಸ್ತು ಬದಲಾಗಿದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿತು. ಮೊದಲು ಪೇಟೆಯಲ್ಲಿ ಹತ್ತು ರೂಪಾಯಿ ಅಗ್ಗವೆಂದರೂ ಬಸ್ಸಿನ ದುಡ್ಡು ಕಳೆದರೆ ಗಿಟ್ಟುತ್ತಿರಲಿಲ್ಲ. ಈಗ ಆ ಲೆಕ್ಕವೇ ಬೇರೆ. ಹೋಲಿಸಿ ನೋಡುವ ಪೇಟೆಗಳ ಸುತ್ತಳತೆ ಹಿಗ್ಗಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಅದರಲ್ಲಿ ಯಾರು ಏನು ಮಾಡಿದರು ಎಂಬುದು ಡೈರಿಯ ಸಾಲಿನ ಮುಖ್ಯ ಸುದ್ದಿ.

ಇನ್ನೊಂದು ಕಡೆ, ಫೋನಿನಲ್ಲೇ ಸಾಮಾನು ತರಿಸುವುದೂ ಫೋನಿನಲ್ಲೇ ಸಾಲ ಪಡೆಯುವುದೂ ಸುಲಭವಾಗಿದೆ. ಬೆಲೆಯೇನೋ ಪರದೆಯ ಮೇಲೆ ಕಾಣುತ್ತದೆ. ಆದರೆ 'ಅಷ್ಟು ಬಾಳುತ್ತಾ? ಈಗಲೇ ಬೇಕಾ?' ಎಂದು ಫೋನು ಕೇಳುವುದಿಲ್ಲ. ಬದಲಿಗೆ ಕಂತಿನಲ್ಲಿ ಕಟ್ಟಬಹುದು ಎನ್ನುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ತನ್ನ ಹಾಸಿಗೆ ಎಷ್ಟುದ್ದ ಎಂಬುದು ಒಬ್ಬರೇ ಕೂತಾಗ ಸರಿಯಾಗಿ ಕಾಣುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದಾಗಲೇ ಅದರ ಅಳತೆ ಸಿಗುವುದು.

ಹೊಸದಾಗಿ ಸಂಘ ಸೇರುವವರಿಗೂ ಚೀಟಿ ಹಾಕುವವರಿಗೂ ಹಿರಿಯ ಹೆಂಗಸರು ಹೇಳುವುದು ಇಷ್ಟೇ: ಯಾರ ಮುಂದೆ ನಿನ್ನ ಸಾಲವನ್ನು ನಾಚದೆ ಹೇಳಬಲ್ಲೆಯೋ ಅವರ ಜೊತೆ ದುಡ್ಡು ಹಾಕು. ಹೇಳಲಾರದವರ ಜೊತೆ ಬೇಡ.